ಕೈ ಕೂಡಿತು, ಕಾಲಿನ ಕತೆ ಏನು?

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ಹೋದ ಚಳಿಗಾಲದಲ್ಲಿ ಬೆಳಗಿನ ಜಾವ ಬಾತ್‌ರೂಮಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದಿತ್ತು. ಈಗ ಮೂಳೆ ಕೂಡಿದೆ. ಆದರೆ ಈ ಸಲ ಚಳಿ ಶುರುವಾದದ್ದೇ ವಾಕಿಂಗ್ ಬಿಟ್ಟರು. ‘ಮತ್ತೆ ಬಿದ್ದರೆ ನಿಮಗೇ ಕಷ್ಟ’ ಅಂತ ಇಡೀ ದಿನ ಕುರ್ಚಿಯಲ್ಲೇ ಇರುತ್ತಾರೆ. ಕೈ ಸರಿಯಾದ ಮೇಲೆ ಫಿಸಿಯೋಥೆರಪಿ ಯಾಕೆ ಅಂತಾರೆ. ನಾವೂ ಸುಮ್ಮನಿದ್ದೇವೆ. ಏನು ಮಾಡಲಿ ಮೇಡಂ?

ಉತ್ತರ: ಕೈ ಸರಿಯಾಗಿದೆ, ಒಪ್ಪಿದೆ. ಆದರೆ ಅಮ್ಮ ಬಿದ್ದದ್ದು ಕೈಯಿಂದ ಅಲ್ಲ, ಅಲ್ವಾ? ಪಾಪ ಕೈ, ತಡೆಯೋಕೆ ಹೋಗಿ ಮುರಿಯಿತು. ತಪ್ಪಿದ್ದು ಕಾಲು. ಪ್ಲಾಸ್ಟರ್ ಬಿಚ್ಚಿದ ದಿನ ಬೆರಳು ಮಡಿಸಿ, ಬಿಡಿಸಿ ಅಂತ ಎಲ್ಲರೂ ಹೇಳುತ್ತಾರೆ. ‘ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನೋಡೋಣ’ ಅನ್ನುವವರು ಕಡಿಮೆ.

ಚಳಿಗೆ ಸ್ನಾಯು ಬಿಗಿಯುತ್ತದೆ. ತಣ್ಣಗಾದ ಪಾದಕ್ಕೆ ನೆಲ ಸರಿಯಾಗಿ ಗೊತ್ತಾಗುವುದಿಲ್ಲ. ರಾತ್ರಿ ಮೂತ್ರಕ್ಕೆ ಏಳೋದೂ ಜಾಸ್ತಿ, ಅದೂ ನಿದ್ದೆಗಣ್ಣಲ್ಲಿ. ಇದರ ಮೇಲೆ ದಿನವಿಡೀ ಕೂತರೆ ತೊಡೆಯ ಬಲ ಇಳಿಯುತ್ತದೆ. ಬೀಳಬಾರದು ಅಂತ ಕೂತವರೇ ಎದ್ದಾಗ ಬೀಳುತ್ತಾರೆ. ನೀವು ಸುಮ್ಮನಿರಬೇಡಿ.

ಫಿಸಿಯೋಥೆರಪಿಸ್ಟ್ ಸಾಮಾನ್ಯವಾಗಿ ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡುತ್ತಾರೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ನನ್ನ ಕಣ್ಣು ಮಾತ್ರ ಗಡಿಯಾರಕ್ಕಿಂತ ಪಾದದ ಮೇಲೇ ಇರುತ್ತದೆ. ನೇರ ನಡೆಯುವಾಗ ಎಲ್ಲರೂ ಚೆನ್ನಾಗಿ ನಡೆಯುತ್ತಾರೆ. ತಿರುಗುವ ಜಾಗ ಬಂದರೆ ನಿಂತಲ್ಲೇ ಏಳೆಂಟು ಪುಟ್ಟ ಹೆಜ್ಜೆ, ಕೈ ಗೋಡೆ ಹುಡುಕುತ್ತಿರುತ್ತದೆ. ವಾಪಸ್ ಬಂದು ಕೂರುವಾಗ ಕೊನೆಯ ಗೇಣು ಧೊಪ್ ಅಂತ ಬೀಳುತ್ತಾರೆ. ತೊಡೆಯ ಬಲ ಎಷ್ಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಅಮ್ಮ ಬಿಟ್ಟೇಳದ ಆ ಕುರ್ಚಿಯಿಂದಲೇ ಶುರು ಮಾಡಿ. ಅದು ಗೋಡೆಗೆ ಒರಗಿರಲಿ, ಚಕ್ರ ಬೇಡ. ಪಾದ ಸ್ವಲ್ಪ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ ಏಳಬೇಕು. ಮೊದಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು. ಕೂರುವಾಗ ಒಂದು, ಎರಡು, ಮೂರು ಎಣಿಸುತ್ತಾ ನಿಧಾನಕ್ಕೆ ಕೂರಲಿ. ಐದು ಸಲ ಸಾಕು, ಬರಬರುತ್ತಾ ಹತ್ತಕ್ಕೆ ಏರಿಸಿ. ಅದು ಹಿಡಿತಕ್ಕೆ ಬಂದ ಮೇಲೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು 10 ಸೆಕೆಂಡ್ ನಿಲ್ಲುವುದು. ಪಕ್ಕದಲ್ಲಿ ನೀವಿರಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ ಮನೆವ್ಯಾಯಾಮದಲ್ಲೂ ಇಂಥವೇ ಇವೆ. ವಾರಕ್ಕೆ 3 ದಿನ, ಜೊತೆಗೆ ನಡಿಗೆ. ಅವರ ಅಧ್ಯಯನಗಳಲ್ಲಿ ವಯಸ್ಸಾದವರು ಬೀಳುವುದು ಸುಮಾರು ಶೇ. 35ರಷ್ಟು ಕಡಿಮೆಯಾಯಿತು.

ಇನ್ನು ಹೆದರಿಕೆ. ನಾನು ಕಂಡಂತೆ ಬೀಳುವುದಕ್ಕಿಂತ ‘ಬಿದ್ದರೆ ಏಳೋಕಾಗಲ್ಲ’ ಅನ್ನುವುದೇ ಜಾಸ್ತಿ ಕಾಡುತ್ತದೆ. ಅದಕ್ಕೇ ನೆಲದಿಂದ ಏಳೋದನ್ನೂ ಕಲಿಸುತ್ತೇವೆ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಲ್ಲಿ ಕುರ್ಚಿ ಹತ್ತಿರ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಗಟ್ಟಿ ಕಾಲನ್ನು ಮುಂದೆ ಊರಿ ಏಳಬೇಕು. ಇದನ್ನು ಮೊದಲ ಸಲ ಫಿಸಿಯೋ ಎದುರಿಗೇ ಮಾಡಿಸಿ. ‘ಅಯ್ಯೋ, ನಾನೇ ಎದ್ದೆನಾ!’ ಅಂತ ನಗುವವರನ್ನು ನೋಡೋಕೆ ನನಗಿಷ್ಟ.

ಇಷ್ಟೆಲ್ಲ ಹೇಳುವ ನಾನೇ ಎರಡು ವರ್ಷದ ಹಿಂದೆ ಉಣ್ಣೆಯ ಕಾಲುಚೀಲ ಹಾಕಿಕೊಂಡು, ನುಣ್ಣನೆಯ ನೆಲದ ಮೇಲೆ ಫೋನ್ ಎತ್ತೋಕೆ ಓಡಿ ಬಿದ್ದೆ. ಮೂರು ವಾರ ನೆಟ್ಟಗೆ ಕೂರೋಕಾಗಲಿಲ್ಲ. ಅದು ರಾಂಗ್ ನಂಬರ್ ಬೇರೆ! ಅಮ್ಮನಿಗೆ ಅಡಿಯಲ್ಲಿ ರಬ್ಬರ್ ಹಿಡಿತ ಇರುವ ಕಾಲುಚೀಲ ಕೊಡಿಸಿ. ರಾತ್ರಿ ಏಳುವ ಮೊದಲು ದೀಪ ಹಾಕಿ, ಹೊದಿಕೆ ಕಾಲಿನಿಂದ ಬಿಡಿಸಿಕೊಂಡು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಆಡಿಸಲಿ. ಎದ್ದಾಗ ತಲೆ ಸುತ್ತಿದರೆ ವ್ಯಾಯಾಮಕ್ಕೂ ಮೊದಲು ಡಾಕ್ಟರಿಗೆ ತೋರಿಸಿ, ಮಲಗಿದಾಗ ಮತ್ತು ನಿಂತಾಗಿನ ಬಿಪಿ ಎರಡೂ ನೋಡಬೇಕು. ಈ ವಯಸ್ಸಿಗೆ ಮಣಿಕಟ್ಟು ಮುರಿದಿದೆ ಅಂದ ಮೇಲೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಪ್ರಶ್ನೆ: ನನಗೆ ಎಡ ಮೊಣಕಾಲು ನೋವು. ಚಳಿಗೆ ಇನ್ನೂ ಜಾಸ್ತಿ. ಊರುಗೋಲು ಯಾವ ಕೈಯಲ್ಲಿ ಹಿಡಿಯಬೇಕು?

ಉತ್ತರ: ಬಲಗೈಯಲ್ಲಿ. ನೋವಿರುವ ಕಾಲು ಮತ್ತು ಕೋಲು ಒಟ್ಟಿಗೇ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬಂದರೆ ಎತ್ತರ ಸರಿ. ಕೋಲನ್ನು ಈಗಲೇ ತಿರುಗಿಸಿ ತುದಿಯ ರಬ್ಬರ್ ನೋಡಿ. ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದರೆ ಒದ್ದೆ ನೆಲದಲ್ಲಿ ಜಾರುತ್ತದೆ, ಬದಲಿಸಿ.