ಕೊಳಲಿನ ಕೆಳಗಿನ ಪ ಸೀಳುತ್ತದೆ ಅಂದವರಿಗೆ

ಥಾಣೆಯ ಫ್ಲ್ಯಾಟಿನಲ್ಲಿ ಎಂಟು ತಿಂಗಳಿಂದ ಬಾನ್ಸುರಿ, ಅಂದರೆ ಹಿಂದೂಸ್ತಾನಿ ಕೊಳಲು, ಕಲಿಯುತ್ತಿದ್ದೀರಿ. ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಪ ಸ್ವರ ಇನ್ನೂ ಸೀಳುತ್ತದೆ, ಜೊತೆಯ ಹುಡುಗರು ಮುಂದೆ ಹೋದರು, ನಲವತ್ತರಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೇಳಿದ್ದೀರಿ. ಬೇಕಿತ್ತು. ದಯವಿಟ್ಟು ಬಿಡಬೇಡಿ.

ಮಂದ್ರದ ಪ ಬರಬೇಕಾದರೆ ಆರೂ ತೂತು ಮುಚ್ಚಬೇಕು. ಒಂದರಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಸ್ವರ ಒಡೆಯುತ್ತದೆ. ಇದು ಕಿವಿಯ ದೋಷ ಅಲ್ಲ, ವಯಸ್ಸಿನದೂ ಅಲ್ಲ. ಬೆರಳ ತುದಿ ಬೇಡ, ಅದರ ಕೆಳಗಿನ ಮೆತ್ತನೆ ಭಾಗ ಇಡಿ. ಜಾಸ್ತಿ ಒತ್ತಬೇಡಿ. ಉಸಿರು ಮೆಲ್ಲಗಿರಲಿ. ಜೋರಾಗಿ ಊದಿದರೆ ಸ್ವರ ಮೇಲಿನ ಸಪ್ತಕಕ್ಕೆ ಹಾರುತ್ತದೆ. ಸಾ ಹಿಡಿದು ನಿ, ಧ, ಪ ಎಂದು ಒಂದೊಂದೇ ಬೆರಳು ಇಳಿಸಿ. ಎಲ್ಲಿ ಸೀಳಿತೋ ಆ ಬೆರಳನ್ನು ನೋಡಿ. ದಿನಕ್ಕೆ ಹತ್ತು ನಿಮಿಷ ಇಷ್ಟೇ ಮಾಡಿ. ಕೊಳಲು ಉದ್ದವಾಗಿ ಬೆರಳು ಎಳೆಯುತ್ತಿದ್ದರೆ ಗುರುಗಳನ್ನು ಕೇಳಿ ಚಿಕ್ಕದು ತೆಗೆದುಕೊಳ್ಳಿ.

ಬಾನ್ಸುರಿ ವಾದಕ ಹರಿಪ್ರಸಾದ್ ಚೌರಾಸಿಯಾ ಅವರು ಹೆಸರು ಮಾಡಿದ ಮೇಲೆ ಮುಂಬೈಯಲ್ಲಿ ಹಿಂದೂಸ್ತಾನಿ ಸಂಗೀತದ ಗುರು ಅನ್ನಪೂರ್ಣಾ ದೇವಿಯವರ ಬಳಿ ಕಲಿಯಲು ಹೋದವರು. ಆಗ ಕೊಳಲು ಹಿಡಿಯುವ ಬದಿಯನ್ನೇ ಬಲದಿಂದ ಎಡಕ್ಕೆ ಬದಲಿಸಿಕೊಂಡರು. ಅಂಥವರ ಬೆರಳೂ ಮತ್ತೆ ತಡವರಿಸಿರಬೇಕು, ಅಲ್ವಾ?

ನನಗೂ ಡೊಂಬಿವ್ಲಿಯಲ್ಲಿ ಎರಡನೇ ವರ್ಷ ಇದೇ ಅನುಮಾನ ಕಾಡಿತ್ತು. ಅಕ್ಕಪಕ್ಕದವರಿಗೆ ಕೇಳಿಸುತ್ತದೆ ಎಂದು ಕಿಟಕಿ ಮುಚ್ಚಿ, ಹೆದರಿ ಹೆದರಿ ಊದುತ್ತಿದ್ದೆ. ಹೆದರಿದ ಉಸಿರು ನಡುಗುತ್ತದೆ, ಸ್ವರವೂ ನಡುಗುತ್ತದೆ. ಒಂದು ದಿನ ಪಕ್ಕದ ಮನೆಯ ಮರಾಠಿ ಅಜ್ಜಿ, ನಿನ್ನೆ ಯಾಕೆ ನುಡಿಸಲಿಲ್ಲ ಎಂದು ಕೇಳಿದರು. ಅವತ್ತೇ ಕಿಟಕಿ ತೆರೆದೆ.

ಆ ಹುಡುಗರ ಜೊತೆ ಹೋಲಿಸಿಕೊಳ್ಳಬೇಡಿ. ಇವತ್ತಿನ ಪ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಮುಂದಿನ ತಿಂಗಳು ಮತ್ತೆ ನುಡಿಸಿ, ಎರಡನ್ನೂ ಕೇಳಿ, ಹೇಗಿದೆ ಅಂತ ಇಲ್ಲೇ ಬರೆಯಿರಿ.