ಪ್ಲಗ್-ಇನ್ ಇದ್ದವರೆಷ್ಟು, ಬೇಕೆಂದು ಹಾಕಿಕೊಂಡವರೆಷ್ಟು?

ಪ್ರಶ್ನೆ: ಒಂದು ಕಾಲದಲ್ಲಿ ಶೇ 99ರಷ್ಟು ಕಂಪ್ಯೂಟರ್‌ಗಳಲ್ಲಿ, ವೆಬ್ ಪುಟಗಳ ಅನಿಮೇಷನ್ ಹಾಗೂ ವಿಡಿಯೊ ತೋರಿಸುವ ಫ್ಲ್ಯಾಷ್ ಪ್ಲೇಯರ್ ಇತ್ತೆಂದು ಓದಿದ್ದೇನೆ. ಹಾಗಿದ್ದರೆ ದೃಶ್ಯ-ಶ್ರವ್ಯ ಸಾಮಗ್ರಿಗಾಗಿ ಪ್ಲಗ್-ಇನ್ (ಬ್ರೌಸರ್‌ಗೆ ಹೆಚ್ಚಿನ ಸಾಮರ್ಥ್ಯ ಕೊಡುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳಲು ಜನ ಹಿಂಜರಿಯುವುದಿಲ್ಲ ಎಂದು ತಿಳಿಯಬಹುದೇ? ನಮ್ಮ ತಂಡ ಸಿದ್ಧಪಡಿಸುತ್ತಿರುವ ತ್ರೀಡಿ ಪಾಠಗಳಿಗೆ ಅಂಥದ್ದೊಂದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಹೇಳುವ ಆಲೋಚನೆಯಿದೆ. ಫ್ಲ್ಯಾಷ್‌ನಲ್ಲಿರುವ ಹಳೆಯ ಪಾಠಗಳನ್ನು ಏನು ಮಾಡಬೇಕು?

ಉತ್ತರ: ಹಾಗೆ ತಿಳಿಯುವಂತಿಲ್ಲ. ಶೇ 99 ಎಂಬುದು ಫ್ಲ್ಯಾಷ್‌ನ ಒಡೆತನ ಹೊಂದಿದ್ದ ಅಡೋಬಿ ಕಂಪನಿಯು ಮಿಲ್‌ವರ್ಡ್ ಬ್ರೌನ್ ಸಂಸ್ಥೆಯಿಂದ ಮಾಡಿಸಿದ ಸಮೀಕ್ಷೆಗಳನ್ನು ಆಧರಿಸಿ ಪ್ರಚಾರ ಮಾಡಿದ ಅಂಕಿ. ಅದು ಇಂಟರ್ನೆಟ್ ಸಂಪರ್ಕವಿರುವ ಪಿಸಿಗಳ ಲೆಕ್ಕವೇ ಹೊರತು ಎಲ್ಲ ಸಾಧನಗಳ ಲೆಕ್ಕವಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಅಂಕಿ ಪ್ಲೇಯರ್ ಯಂತ್ರದಲ್ಲಿ ಇದೆಯೇ ಎಂಬುದನ್ನಷ್ಟೇ ಹೇಳುತ್ತದೆ. ಅದನ್ನು ಯಾರು, ಯಾವಾಗ, ಏಕೆ ಹಾಕಿದರು ಎಂಬುದು ಅದರಲ್ಲಿ ಕಾಣುವುದಿಲ್ಲ.

ಬ್ರೌಸರ್‌ಗೆ ಹೊರಗಿನವರು ಸಾಮರ್ಥ್ಯ ಸೇರಿಸುವ ದಾರಿಯನ್ನು ತೆರೆದದ್ದು 1996ರಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ 2 ಎಂಬ ಬ್ರೌಸರ್. ಆ ದಾರಿಯಲ್ಲಿ ಬಂದ ಪ್ಲಗ್-ಇನ್‌ಗಳ ಸ್ಪರ್ಧೆಯಲ್ಲಿ ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ಶಾಕ್‌ವೇವ್ ಎಲ್ಲವೂ ಇದ್ದವು. ಅವುಗಳ ನಡುವೆ ಫ್ಲ್ಯಾಷ್ ಗೆದ್ದದ್ದಕ್ಕೆ ಅದರ ಚಿತ್ರಗುಣ ಒಂದೇ ಕಾರಣವಲ್ಲ. ಆರಂಭದ ಆವೃತ್ತಿಗಳು ಗಾತ್ರದಲ್ಲಿ ಚಿಕ್ಕವಿದ್ದವು, ಮಂದಗತಿಯ ಸಂಪರ್ಕದಲ್ಲೂ ಇಳಿಯುತ್ತಿದ್ದವು; ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಮೊದಲೇ ಅಡಕವಾಗಿತ್ತು; 2010ರಿಂದ ಕ್ರೋಮ್ ಬ್ರೌಸರ್ ಕೂಡ ಅದನ್ನು ಒಳಗಿಟ್ಟುಕೊಂಡೇ ಬಂತು. ಮನೆಯೊಂದಿಗೇ ಬಂದ ಬೀರುವನ್ನು ನೋಡಿ, ಮನೆಯವರಿಗೆ ಬೀರುವೆಂದರೆ ಬಲು ಇಷ್ಟ ಎನ್ನಲಾಗದು. ತಾವೇ ಹುಡುಕಿ ಹಾಕಿಕೊಂಡವರೂ ಬಹಳ ಮಂದಿ ಇದ್ದರು ನಿಜ, ಆದರೆ ಅವರ ಮುಂದೆ ಬಲವಾದ ಆಕರ್ಷಣೆಯಿತ್ತು: 2005ರಲ್ಲಿ ಆರಂಭವಾದ ಯೂಟ್ಯೂಬ್‌ನ ವಿಡಿಯೊಗಳು ಓಡುತ್ತಿದ್ದುದೇ ಫ್ಲ್ಯಾಷ್ ಮೇಲೆ.

ಇಂಥ ಆಕರ್ಷಣೆ ಇಲ್ಲದ ಕಡೆ ಏನಾಗುತ್ತಿತ್ತೆಂಬುದನ್ನು ಆ ಕಾಲದ ಪರದೆಯನ್ನು ನೆನೆದರೆ ತಿಳಿಯಬಹುದು. ಚಿತ್ರ ಬರಬೇಕಾದ ಜಾಗದಲ್ಲಿ ಖಾಲಿ ಚೌಕ, ಅದರೊಳಗೆ ಜಿಗ್‌ಸಾ ತುಂಡಿನ ಗುರುತು, ಪ್ಲಗ್-ಇನ್ ಬೇಕೆಂಬ ಸೂಚನೆ. ಒತ್ತಿದರೆ ಬೇರೊಂದು ತಾಣ ತೆರೆದುಕೊಳ್ಳುತ್ತಿತ್ತು. ಅಲ್ಲಿ ಫೈಲ್ ಇಳಿಸಿ, ಷರತ್ತುಗಳಿಗೆ ಒಪ್ಪಿ, ಬ್ರೌಸರ್ ಮುಚ್ಚಿ, ಮತ್ತೆ ತೆರೆದು ಮೊದಲಿನ ಪುಟವನ್ನು ಹುಡುಕಬೇಕಿತ್ತು. ಕಚೇರಿ ಹಾಗೂ ಶಾಲೆಗಳ ಯಂತ್ರಗಳಲ್ಲಿ ಎಷ್ಟೋ ವೇಳೆ ಇನ್‌ಸ್ಟಾಲ್ ಮಾಡುವ ಅನುಮತಿಯೇ ಬಳಕೆದಾರರಿಗೆ ಇರುವುದಿಲ್ಲ, ನಿಮ್ಮ ಓದುಗರಲ್ಲಿ ಹಲವರು ಕೂರುವುದು ಬಹುಶಃ ಅಂಥ ಯಂತ್ರಗಳ ಮುಂದೆಯೇ. ಮೈಕ್ರೋಸಾಫ್ಟ್‌ನಂಥ ಕಂಪನಿ 2007ರಲ್ಲಿ ಸಿಲ್ವರ್‌ಲೈಟ್ ಎಂಬ ತನ್ನದೇ ಪ್ಲಗ್-ಇನ್ ತಂದು, ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನ ಅಮೆರಿಕದ ಆನ್‌ಲೈನ್ ಪ್ರಸಾರಕ್ಕೆ ಅದನ್ನೇ ಬಳಸಿದರೂ, ನೆಟ್‌ಫ್ಲಿಕ್ಸ್ ಕೆಲಕಾಲ ಅದನ್ನೇ ನೆಚ್ಚಿಕೊಂಡಿದ್ದರೂ, ಫ್ಲ್ಯಾಷ್‌ನ ವ್ಯಾಪ್ತಿ ಅದಕ್ಕೆ ದಕ್ಕಲಿಲ್ಲ.

ಇದ್ದರೂ ಕೆಲಸಕ್ಕೆ ಬಾರದ ಪ್ಲಗ್-ಇನ್‌ಗಳ ಮಾತು ಬೇರೆ. ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡವರಿಗೆ ಹೊಸ ಸಾಮಗ್ರಿ ತೆರೆಯುತ್ತಿರಲಿಲ್ಲ, ಮೇಲಾಗಿ ಅವರ ಯಂತ್ರದಲ್ಲಿ ಭದ್ರತಾ ಲೋಪಗಳು ತೆರೆದೇ ಇರುತ್ತಿದ್ದವು.

ನಿಮ್ಮ ಯೋಜನೆಯ ವಿಷಯದಲ್ಲಿ ಈಗ ಜನರ ಮನಸ್ಸಿನ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಬಾಗಿಲು ಮುಚ್ಚಿದೆ. ಐಫೋನ್ 2007ರಿಂದಲೂ ಫ್ಲ್ಯಾಷ್ ಇಲ್ಲದೆಯೇ ಬಂತು. ಕ್ರೋಮ್ 2015ರಲ್ಲಿ ಹಳೆಯ ಪ್ಲಗ್-ಇನ್ ವ್ಯವಸ್ಥೆಯನ್ನು ಕೈಬಿಟ್ಟಿತು, ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಷ್ ಹೊರತು ಉಳಿದವನ್ನೆಲ್ಲ ನಿಲ್ಲಿಸಿತು, ಅಡೋಬಿ 2021ರ ಜನವರಿ 12ರಿಂದ ಫ್ಲ್ಯಾಷ್ ಸಾಮಗ್ರಿ ಓಡದಂತೆ ತಡೆಯಿತು. ತ್ರೀಡಿ ಆಟಗಳಿಗೆ ಬಳಕೆಯಲ್ಲಿದ್ದ ಯೂನಿಟಿ ವೆಬ್ ಪ್ಲೇಯರ್ ಕೂಡ ಇದೇ ಅಲೆಯಲ್ಲಿ ಹೋಯಿತು. ಇಂದು ವಿಡಿಯೊ, ಧ್ವನಿ ಎರಡನ್ನೂ ಬ್ರೌಸರ್ ತಾನೇ ನುಡಿಸುತ್ತದೆ. ನಕಲು ತಡೆಯುವ ವೈಡ್‌ವೈನ್‌ನಂಥ ಭಾಗಗಳೂ ಬಳಕೆದಾರರ ಗಮನಕ್ಕೆ ಬಾರದಂತೆ ಬ್ರೌಸರ್‌ನೊಂದಿಗೇ ಬಂದು ಕೂರುತ್ತವೆ. ಹೀಗಾಗಿ ಹೊಸ ಪಾಠಗಳನ್ನು, ಪ್ಲಗ್-ಇನ್ ಇಲ್ಲದೆ ಬ್ರೌಸರ್‌ನಲ್ಲೇ ತ್ರೀಡಿ ತೋರಿಸುವ ವೆಬ್‌ಜಿಎಲ್‌ನಲ್ಲಿಯೇ ಸಿದ್ಧಪಡಿಸಿ, ಆಗ ಮೊಬೈಲ್‌ನಲ್ಲಿ ನೋಡುವವರೂ ನಿಮಗೆ ಸಿಗುತ್ತಾರೆ.

ಹಳೆಯ ಫ್ಲ್ಯಾಷ್ ಪಾಠಗಳನ್ನು ಇಂದಿನ ಬ್ರೌಸರ್‌ಗಳಲ್ಲಿ ಓಡಿಸಲು ರಫಲ್ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ನಿಮ್ಮ ತಾಣದಲ್ಲೇ ಸೇರಿಸಿಡಬಹುದು, ಓದುಗರು ಏನನ್ನೂ ಹಾಕಿಕೊಳ್ಳಬೇಕಿಲ್ಲ. ಸರಳ ಅನಿಮೇಷನ್‌ಗಳು ಅದರಲ್ಲಿ ಚೆನ್ನಾಗಿಯೇ ಓಡುತ್ತವೆ. ಫ್ಲ್ಯಾಷ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್‌ನ 3ನೇ ಆವೃತ್ತಿಯಲ್ಲಿ ಬರೆದ ಪಾಠಗಳನ್ನು ಮಾತ್ರ ಒಂದೊಂದಾಗಿ ಪರೀಕ್ಷಿಸಿಯೇ ಪ್ರಕಟಿಸಿ.