ನಿಮ್ಮ ಪ್ರಶ್ನೆ: ಸರ್ವರ್ ಕಾಯುವ ಉದ್ಯೋಗ

ಸರ್ವರ್ ಎಂದರೆ ಹಗಲಿರುಳು ಓಡುತ್ತ ಬೇರೆ ಕಂಪ್ಯೂಟರ್‌ಗಳಿಗೆ ಸೇವೆ ಕೊಡುವ ಕಂಪ್ಯೂಟರ್. ಅದನ್ನು ನಡೆಸುವ ಮೂಲ ತಂತ್ರಾಂಶಗಳು ಯುನಿಕ್ಸ್, ಅದರ ಮಾದರಿಯಲ್ಲೇ ಬಂದ ಲಿನಕ್ಸ್. ಇಪ್ಪತ್ತೆರಡು ವರ್ಷ ಅಂಥ ಸರ್ವರ್‌ಗಳನ್ನು ನೋಡಿಕೊಂಡ ಮೇಲೆ ಈಗ ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಹುಡುಗ ಹುಡುಗಿಯರಿಗೆ ಅದೇ ವಿದ್ಯೆಯನ್ನು ಹೇಳಿಕೊಡುತ್ತಿದ್ದೇನೆ. ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

*ಮದ್ದೂರಿನವನು. ಮಂಡ್ಯದಲ್ಲಿ ಬಿಎಸ್‌ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಸರ್ವರ್ ಅಡ್ಮಿನ್ ಆಗುವ ಆಸೆ. ‘ಎಲ್ಲವೂ ಕ್ಲೌಡ್‌ಗೆ ಹೋಯಿತು, ಆ ಕೆಲಸ ಮುಗಿಯಿತು’ ಎನ್ನುತ್ತಾರೆ. ನಿಜವೇ?*

ನಿಮ್ಮೂರಿನ ನೀರುಗಂಟಿಯನ್ನು ನೀವು ನೋಡಿರುತ್ತೀರಿ. ನನ್ನ ಅಜ್ಜ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಹಳ್ಳಿಯೊಂದರಲ್ಲಿ ನೀರುಗಂಟಿಯಾಗಿದ್ದರು. ಗದ್ದೆಗೆ ನೀರು ಬಂದ ದಿನ ಅವರನ್ನು ಯಾರೂ ನೆನೆಯುತ್ತಿರಲಿಲ್ಲ. ಬಾರದ ದಿನ ಕೋಳಿ ಕೂಗುವ ಮೊದಲೇ ಜಗಲಿಯ ತುಂಬ ಜನ. ನಾನು ಆರಿಸಿಕೊಂಡ ಉದ್ಯೋಗವೂ ಅದೇ ಎಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು. ಕೆಆರ್‌ಎಸ್ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ನಮ್ಮ ಜಿಲ್ಲೆಯವರು ಬೆಳಿಗ್ಗೆ ಪತ್ರಿಕೆ ಬಿಡಿಸುತ್ತಾರಲ್ಲ, ಹಾಗೆಯೇ ಡಿಸ್ಕ್ ಎಷ್ಟು ತುಂಬಿದೆ, ಮೆಮೊರಿ ಎಷ್ಟು ಉಳಿದಿದೆ, ನೆಟ್‌ವರ್ಕಿನಲ್ಲಿ ಏನು ಹರಿಯುತ್ತಿದೆ ಎಂದು ಅಡ್ಮಿನ್ ದಿನವೂ ನೋಡಬೇಕು.

ಕ್ಲೌಡ್ ಎಂಬುದು ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರ್‌ಗಳ ಸಾಲು. ಅಲ್ಲಿ ಓಡುವುದೂ ಬಹುಪಾಲು ಲಿನಕ್ಸೇ. ಆದರೆ ಒಂದೊಂದೇ ಯಂತ್ರದ ಮುಂದೆ ಕುಳಿತು ಸಜ್ಜುಗೊಳಿಸುವ ಕೆಲಸ ಕಡಿಮೆಯಾಗಿದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಾನು ಸೇರಿದಾಗ ಹನ್ನೆರಡು ಸರ್ವರ್‌ಗಳಿಗೆ ಒಬ್ಬಳು. ಈಗ ಆನ್ಸಿಬಲ್‌ನಂಥ ಸಲಕರಣೆಯಲ್ಲಿ ಒಮ್ಮೆ ಬರೆದಿಟ್ಟರೆ ನೂರಾರು ಯಂತ್ರಗಳು ಒಂದೇ ಅಚ್ಚಿನಲ್ಲಿ ಸಿದ್ಧವಾಗುತ್ತವೆ. ಹುದ್ದೆಯ ಹೆಸರೂ ಬದಲಾಗಿದೆ. ಡೆವಾಪ್ಸ್ (ಡೆವಲಪ್‌ಮೆಂಟ್, ಆಪರೇಷನ್ಸ್ ಎರಡೂ ಸೇರಿದ್ದು) ಎನ್ನುತ್ತಾರೆ, ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರ್) ಎನ್ನುತ್ತಾರೆ. ಜಾಹೀರಾತುಗಳಲ್ಲಿ ‘ಸಿಸ್ಟಮ್ ಅಡ್ಮಿನ್’ ಎಂದಷ್ಟೇ ಹುಡುಕಿ ಕೆಲಸವಿಲ್ಲವೆಂದು ಕೈಚೆಲ್ಲಬೇಡಿ.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಆರಂಭವಾದ ವರ್ಷವೂ ಅದೇ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು: ತೋಟಕ್ಕೆ ನೀರು ಹಾಯಿಸುವ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸುವಂತೆ ಪ್ರೋಗ್ರಾಂಗಳನ್ನೂ ಜೋಡಿಸುವಂತಿರಬೇಕು ಎಂದು. 1973ರಲ್ಲಿ ಯುನಿಕ್ಸ್ ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಒಂದು ಆಜ್ಞೆಯಿಂದ ಹೊರಬಂದದ್ದು ಇನ್ನೊಂದರೊಳಕ್ಕೆ ಹರಿಯುವ ಆ ವ್ಯವಸ್ಥೆಗೆ ಇಂದಿಗೂ ಪೈಪ್ ಎಂದೇ ಹೆಸರು. ನಾಲೆ, ತೂಬು, ಹೊಲಗಾಲುವೆ ನೋಡಿ ಬೆಳೆದ ನಿಮಗೆ ಇದನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಾಗಿಲ್ಲ.

ಇಂಗ್ಲಿಷ್ ಮಾತನಾಡಲು ತಡವರಿಸಿದರೂ ಚಿಂತೆಯಿಲ್ಲ, ಓದಿ ಅರ್ಥಮಾಡಿಕೊಳ್ಳಲು ಬಂದರೆ ಸಾಕು. ಮ್ಯಾನ್ ಪೇಜ್ ಎಂಬ ಕೈಪಿಡಿ ಯಂತ್ರದೊಳಗೇ ಇರುತ್ತದೆ. ದಿನಕ್ಕೆ ಒಂದು ಪುಟ, ನಿಘಂಟು ಪಕ್ಕದಲ್ಲಿಟ್ಟುಕೊಂಡು. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿ, ಅದನ್ನೇ ಸರ್ವರ್ ಮಾಡಿ. ಬೇಕೆಂದೇ ಕೆಡಿಸಿ, ಮತ್ತೆ ಎಬ್ಬಿಸಿ. ಪ್ರತಿ ಸಲವೂ ಏನು ಕೆಟ್ಟಿತು, ಲಾಗ್‌ನಲ್ಲಿ (ಯಂತ್ರ ತಾನೇ ಬರೆದಿಡುವ ದಿನಚರಿಯಲ್ಲಿ) ಏನು ಕಂಡಿತು ಎಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಸಂದರ್ಶನಕ್ಕೆ ಆ ಪುಸ್ತಕವನ್ನೇ ಒಯ್ಯಿರಿ.

*ಯಾವ ಸರ್ಟಿಫಿಕೇಟ್ ಮಾಡಿದರೆ ಒಳ್ಳೆಯದು? (ಶ್ರೀರಂಗಪಟ್ಟಣ)*

ಒಂದೇ ಮಾಡುವ ಶಕ್ತಿಯಿದ್ದರೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಅಂದರೆ ಸಿಸ್ಟಮ್ ಅಡ್ಮಿನ್‌ಗಳಿಗೆ ಅದು ನಡೆಸುವ ಪರೀಕ್ಷೆ. ಅದರಲ್ಲಿ ಸರಿಯುತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರ ಕೊಟ್ಟು ಕೆಲಸ ಮಾಡಿ ತೋರಿಸಿ ಎನ್ನುತ್ತಾರೆ. ಶುಲ್ಕ ಕಟ್ಟಲು ಮನೆಯವರು ಸಾಲ ಮಾಡಬೇಕಾದರೆ ಈಗ ಬೇಡ. ಕೆಲಸಕ್ಕೆ ಸೇರಿದ ಮೇಲೆ ಮಾಡಿ.

*ಮೈಸೂರಿನ ಕಂಪನಿಯೊಂದರಲ್ಲಿ ಎರಡು ವರ್ಷದಿಂದ ಅಡ್ಮಿನ್. ಕಳೆದ ತಿಂಗಳು ತಪ್ಪಾದ ಡೈರೆಕ್ಟರಿಯನ್ನು (ಫೋಲ್ಡರನ್ನು) ಅಳಿಸಿಬಿಟ್ಟೆ. ಐದು ಗಂಟೆ ಸೇವೆ ನಿಂತಿತು. ಈಗ ಕೀಬೋರ್ಡ್ ಮುಟ್ಟಿದರೆ ಕೈ ನಡುಗುತ್ತದೆ. ಕೆಲಸ ಬಿಡಬೇಕೆನಿಸುತ್ತದೆ. (ಹೆಸರು ಬೇಡ)*

ಬಿಡಬೇಡಿ. ನನ್ನ ಕಥೆ ಹೇಳುತ್ತೇನೆ, ಕೇಳಿ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಒಂದು ಭಾನುವಾರ ರಾತ್ರಿ ಸೋಲಾರಿಸ್ ಎಂಬ ಯುನಿಕ್ಸ್ ಓಡುತ್ತಿದ್ದ ಸರ್ವರಿನ ಡಿಸ್ಕ್ ನೂರಕ್ಕೆ ನೂರು ತುಂಬಿತು. ದೊಡ್ಡ ಲಾಗ್ ಫೈಲೊಂದನ್ನು ಅಳಿಸಿದೆ. ಜಾಗ ಒಂದಿಷ್ಟೂ ಮರಳಲಿಲ್ಲ. ಯುನಿಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲು ಬೇರೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಗದ್ದೆ ಉಳುತ್ತಿರುವವನು ಎದ್ದುಹೋಗುವುದಿಲ್ಲ. ಹಾಗೆಯೇ, ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದಿರುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಂ ಯಾವುದೆಂದು ಹುಡುಕಿ ಮರುಪ್ರಾರಂಭಿಸಿದ್ದರೆ ಎರಡು ನಿಮಿಷದ ಕೆಲಸ. ನನಗೆ ಅದು ಗೊತ್ತಿರಲಿಲ್ಲ. ಗಾಬರಿಯಲ್ಲಿ ಪಕ್ಕದ ಡೈರೆಕ್ಟರಿಯಲ್ಲಿ ‘ಲಾಗ್’ ಎಂದು ಕೊನೆಯಾಗುವ ಫೈಲುಗಳನ್ನೆಲ್ಲ ಅಳಿಸಿದೆ. ಅವು ಡೇಟಾಬೇಸಿನ ರೀಡೂ ಲಾಗ್‌ಗಳು, ಅಂದರೆ ಅದರಲ್ಲಾಗುವ ಪ್ರತಿ ಬದಲಾವಣೆಯ ದಾಖಲೆ, ಅದರ ಜೀವನಾಡಿ. ಮರುಪ್ರಾರಂಭಿಸಿದಾಗ ಡೇಟಾಬೇಸ್ ಏಳಲೇ ಇಲ್ಲ.

ಬ್ಯಾಕಪ್ ಟೇಪ್ ತಂದೆವು. ಶನಿವಾರದ ಟೇಪ್ ಓದಲಾಗಲಿಲ್ಲ. ಶುಕ್ರವಾರದ್ದೂ ಓದಲಾಗಲಿಲ್ಲ. ಗುರುವಾರದ್ದು ಓದಿತು. ಪ್ರತಿ ರಾತ್ರಿ ಟೇಪ್ ಬರೆದು ಮುಗಿಯಿತೆಂಬ ಸಂದೇಶವನ್ನು ನೋಡಿ ಸಹಿ ಹಾಕುತ್ತಿದ್ದವಳು ನಾನೇ. ಒಮ್ಮೆಯೂ ಒಂದು ಟೇಪನ್ನು ಮರಳಿ ಓದಿಸಿ ನೋಡಿರಲಿಲ್ಲ. ಎರಡು ದಿನಗಳ ನಮೂದುಗಳನ್ನು ಗುಮಾಸ್ತರು ಕಾಗದದ ಚೀಟಿಗಳಿಂದ ಮತ್ತೆ ತುಂಬಿದರು. ನಾನು ಅವರ ಪಕ್ಕದಲ್ಲಿ ಕುಳಿತು ಚೀಟಿ ಓದಿ ಹೇಳಿದೆ. ಅವರಲ್ಲೊಬ್ಬರು, ಹಿರಿಯರು, ಮೂರನೆಯ ದಿನ ತಮ್ಮ ಡಬ್ಬಿಯ ರಾಗಿ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟರು. ಅದನ್ನು ಇವತ್ತಿಗೂ ಮರೆತಿಲ್ಲ.

ನೀವು ಈಗ ಮಾಡಬೇಕಾದದ್ದು: ನಡೆದುದನ್ನು ಗಂಟೆ ನಿಮಿಷ ಸಹಿತ ಬರೆದು ಇಡೀ ತಂಡಕ್ಕೆ ಕೊಡಿ, ಯಾರನ್ನೂ ದೂರದೆ, ನಿಮ್ಮನ್ನೂ ದೂರಿಕೊಳ್ಳದೆ. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರೊಬ್ಬರು ತಪ್ಪಾದ ಸರ್ವರ್‌ನಲ್ಲಿ ಡೇಟಾಬೇಸ್ ಡೈರೆಕ್ಟರಿ ಅಳಿಸಿದರು. ಸುಮಾರು ಆರು ಗಂಟೆಗಳ ದತ್ತಾಂಶ ಹೋಯಿತು. ಬ್ಯಾಕಪ್ ವ್ಯವಸ್ಥೆಗಳು ಕೈಕೊಟ್ಟಿದ್ದೂ ಸೇರಿದಂತೆ ಎಲ್ಲವನ್ನೂ ಕಂಪನಿ ಬಹಿರಂಗವಾಗಿ ಬರೆಯಿತು. ಲೋಕದ ಅಡ್ಮಿನ್‌ಗಳೆಲ್ಲ ಅದನ್ನು ಓದಿ ಕಲಿತರು. ಎರಡನೆಯದು, ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಸರ್ವರನ್ನು ಖಾಲಿ ಯಂತ್ರದಲ್ಲಿ ಎಬ್ಬಿಸುವ ಹೊಣೆಯನ್ನು ನೀವೇ ಕೇಳಿ ಪಡೆಯಿರಿ. ಅಳಿಸಿದ್ದನ್ನು ಮರಳಿ ತರಬಲ್ಲೆ ಎಂದು ನಾಲ್ಕಾರು ಸಲ ಕಣ್ಣಾರೆ ಕಂಡ ಮೇಲೆ ನನ್ನ ಕೈ ನಡುಕ ನಿಂತಿತು.

*ಮಗಳು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಎದ್ದು ಕೂರುತ್ತಾಳೆ. ನೋಡಲಾಗುವುದಿಲ್ಲ. ಬಿಡು ಎನ್ನಲೇ? (ಒಂಟಿಕೊಪ್ಪಲು, ಮೈಸೂರು)*

ನಿಮ್ಮ ಪತ್ರ ಓದುವಾಗ ನನ್ನ ಅಮ್ಮನೇ ಬರೆದಂತೆ ಅನಿಸಿತು. ಅವರೂ ನನ್ನೊಡನೆ ಎದ್ದು ಕಾಫಿ ಕಾಯಿಸುತ್ತಿದ್ದರು.

ಬಿಡು ಎನ್ನುವ ಮೊದಲು ಎರಡು ಮಾತು ಕೇಳಿ. ರಾತ್ರಿ ಪಾಳಿಯನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ? ಆರು ಜನರಲ್ಲಿ ಒಬ್ಬರಂತೆ ವಾರದ ಸರದಿಯಾದರೆ ಬದುಕಬಹುದು. ಎಲ್ಲ ರಾತ್ರಿಯೂ ಅವಳೊಬ್ಬಳೇ ಆದರೆ ಅದು ಅನ್ಯಾಯ; ಅಂಥ ಕಡೆಯಿಂದ ಬೇರೆ ಕಡೆಗೆ ಹೋಗಲಿ, ಉದ್ಯೋಗ ಬಿಡುವುದು ಬೇಡ. ಇನ್ನೊಂದು: ಒಂದೇ ಕಾರಣಕ್ಕೆ ಪದೇ ಪದೇ ಫೋನ್ ಬರುತ್ತಿದೆಯೇ? ಹಾಗಿದ್ದರೆ ಆ ಕಾರಣವನ್ನು ಹಗಲಿನಲ್ಲಿ ಸರಿಪಡಿಸಲು ಮ್ಯಾನೇಜರ್ ಸಮಯ ಕೊಡಬೇಕು. ಎದ್ದು ನೋಡಿ ಏನೂ ಮಾಡದೆ ಮಲಗುವಂಥ ಎಚ್ಚರಿಕೆಗಳಿದ್ದರೆ ಅವನ್ನು ತೆಗೆದುಹಾಕಿಸಲಿ. ನಾನು ಹೀಗೆ ಒಂದೊಂದಾಗಿ ತೆಗೆಸುತ್ತ ಹೋದಾಗ ಎರಡು ವರ್ಷದಲ್ಲಿ ನನ್ನ ರಾತ್ರಿಗಳು ಮರಳಿದವು.

ಅಷ್ಟರವರೆಗೆ, ಫೋನ್ ಬಂದ ರಾತ್ರಿಯ ಮರುದಿನ ಅವಳನ್ನು ಒಂಬತ್ತರವರೆಗೆ ಎಬ್ಬಿಸಬೇಡಿ. ಕುಕ್ಕರ್ ಕೂಗುವ ಮುನ್ನ ಅವಳ ಕೋಣೆಯ ಬಾಗಿಲು ಮುಚ್ಚಿ.